ಒಳಲೆಯಷ್ಟು ನೀರು

ಪಕ್ಕದ ಮನೆಗೆ ಹೊಸ ಕೂಸು ಬಂದಿದೆ. ಅದರ ಅಜ್ಜಿ ಮೊನ್ನೆ ನಮ್ಮ ಬಾಗಿಲಿಗೆ ಬಂದು, "ಮೇಷ್ಟ್ರೇ, ನಿಮ್ಮನೇಲಿ ಬೆಳ್ಳಿ ಒಳಲೆ ಐತಂತಲ್ಲ, ಒಂದೆರಡು ದಿನ ಕೊಡ್ರಿ, ಕೂಸಿಗೆ ಬಜೆ ತೇದು ಕುಡಿಸ್ಬೇಕು" ಎಂದು ಕೇಳಿದರು. ನನ್ನ ಹೆಂಡತಿ ಗಿರಿಜ ಅಡುಗೆಮನೆಯಿಂದಲೇ, "ಅಯ್ಯೋ, ಎಲ್ಲಿಟ್ಟೀವೋ ಏನೋ, ಹುಡುಕ್ಬೇಕು ನೋಡ್ರಿ" ಅಂದಳು. ಅದು ಎಲ್ಲಿದೆಯೆಂದು ನಮ್ಮಿಬ್ಬರಿಗೂ ಚೆನ್ನಾಗಿ ಗೊತ್ತು. ದೇವರ ಗೂಡಿನ ಕೆಳಗೆ, ಹಳೆಯ ರೇಷ್ಮೆ ಚೂರಿನಲ್ಲಿ ಸುತ್ತಿಟ್ಟಿದ್ದೇವೆ. ಕೊಡಬಾರದೆನ್ನುವ ಜಿಪುಣತನ ನಮ್ಮದಲ್ಲ. ಕಡೆಯ ಸಲ ಅದು ಯಾರ ಬಾಯಿಗೆ ಹೋಗಿತ್ತೆಂದು ತಿಳಿದರೆ ಆ ಅಜ್ಜಿಯೇ ಬೇಡವೆಂದು ವಾಪಸು ಹೋಗುತ್ತಾರೆ.

ಒಳಲೆಯನ್ನು ನೋಡಿರದವರೂ ಈಗ ಇರಬಹುದು. ಅಂಗೈಯಲ್ಲಿ ಅಡಗುವ ಬಟ್ಟಲು, ಒಂದು ಬದಿಗೆ ಮೂತಿ ಚಾಚಿ ಸಣ್ಣ ಕಾಲುವೆಯ ಹಾಗೆ ಮುಗಿಯುತ್ತದೆ. ಆ ಕಾಲುವೆಯನ್ನು ಕೂಸಿನ ತುಟಿಯ ಅಂಚಿಗಿಟ್ಟು ಬಗ್ಗಿಸಿದರೆ ಹಾಲಾಗಲಿ ಔಷಧಿಯಾಗಲಿ ಗಂಟಲಿಗೆ ಇಳಿಯಲೇಬೇಕು. ಉಗುಳಲು ಮಕ್ಕಳಿಗೆ ಅದು ಅವಕಾಶವನ್ನೇ ಕೊಡುವುದಿಲ್ಲ. ಇಷ್ಟು ನಿರ್ದಯವಾದ ಪಾತ್ರೆಯನ್ನು ಬೆಳ್ಳಿಯಲ್ಲಿ ಮಾಡಿಸಿ ತವರಿನವರು ಉಡುಗೊರೆ ಕೊಡುತ್ತಾರೆ.

ನಾನು ಚಿಕ್ಕವನಿದ್ದಾಗ ಮೊಳಕಾಲ್ಮೂರಿನ ನಮ್ಮ ಮನೆಯಲ್ಲಿ ಅದರ ಮುಖ್ಯ ಕೆಲಸ ಹರಳೆಣ್ಣೆ ಕುಡಿಸುವುದಾಗಿತ್ತು. ಭಾನುವಾರ ಬೆಳಿಗ್ಗೆ ಅವ್ವ ನನ್ನ ತಲೆಯನ್ನು ತೊಡೆಯ ಮೇಲೆ ಒತ್ತಿ ಹಿಡಿಯುತ್ತಿದ್ದಳು, ಅಕ್ಕ ಕಾಲು ಹಿಡಿಯುತ್ತಿದ್ದಳು. "ನೋರು ತೆರುವುರಾ" ಎಂದು ಅವ್ವ ತೆಲುಗಿನಲ್ಲಿ ಗದರುತ್ತಿದ್ದಳು. ಬಾಯಿ ತೆಗೆಯೋ ಅಂತ. ನಮ್ಮದು ಮನೆಯೊಳಗೆ ತೆಲುಗು, ಹೊಸ್ತಿಲು ದಾಟಿದರೆ ಕನ್ನಡ ಆಡುವ ನೇಕಾರರ ಮನೆ. ಯಾವ ಭಾಷೆಯಲ್ಲಿ ಬೇಡವೆಂದರೂ ಎಣ್ಣೆ ನಿಲ್ಲುತ್ತಿರಲಿಲ್ಲ. ನೀರಾಗಿದ್ದರೆ ಗಟಗಟನೆ ಹೋಗಿಬಿಡುತ್ತಿತ್ತು, ಹರಳೆಣ್ಣೆ ಹಾಗಲ್ಲ. ಅದು ಯೋಚಿಸುತ್ತ ಯೋಚಿಸುತ್ತ ಬರುತ್ತದೆ. ಚಳಿಗಾಲದಲ್ಲಂತೂ ಒಳಲೆಯ ಮೂತಿಯಲ್ಲೇ ಕೂತು ನನ್ನ ಮುಖವನ್ನು ನೋಡುತ್ತಿತ್ತು. ದ್ರವದ ಈ ಸೋಮಾರಿತನಕ್ಕೆ ಸ್ನಿಗ್ಧತೆ ಎಂಬ ಮರ್ಯಾದೆಯ ಹೆಸರು ಇದೆಯೆಂದು ತಿಳಿಯಲು ನಾನು ಕಾಲೇಜಿನವರೆಗೆ ಓದಬೇಕಾಯಿತು.

ಓದಿ, ಅದನ್ನೇ ಓದಿಸಿ ಹೊಟ್ಟೆ ಹೊರೆದವನು ನಾನು. ಚಳ್ಳಕೆರೆಯಲ್ಲಿ ಪಿಯು ಹುಡುಗರಿಗೆ ಭೌತಶಾಸ್ತ್ರ ಹೇಳುತ್ತ ತಲೆ ನೆರೆಯಿತು. ಹರಿಯುವ ವಸ್ತುಗಳ ಪಾಠ ನನಗೆ ಎಲ್ಲಕ್ಕಿಂತ ಪ್ರಿಯ. ಈ ಊರೂ ಅದಕ್ಕೆ ಅನುಕೂಲವಾಗಿತ್ತು. ಶೇಂಗಾ ಎಣ್ಣೆ ಮಿಲ್ಲುಗಳು ಜೋರಾಗಿದ್ದ ಕಾಲಕ್ಕೆ ಕಿಟಕಿ ತೆಗೆದರೆ ಸಾಕು, ಗಾಳಿಯೇ ಜಿಡ್ಡಾಗಿ ಒಳಗೆ ಬರುತ್ತಿತ್ತು. "ನೋಡ್ರಪ್ಪ, ಗಾಳಿನೂ ಹರಿಯುತ್ತೆ, ಎಣ್ಣೆನೂ ಹರಿಯುತ್ತೆ, ನಿಮ್ಮ ಮೈಯೊಳಗಿನ ರಕ್ತನೂ ಹರಿಯುತ್ತೆ, ಎಲ್ಲಕ್ಕೂ ಕಾನೂನು ಒಂದೇ" ಎಂದು ನಾನು ಪ್ರತಿ ವರ್ಷ ಅದೇ ಜಾಗದಲ್ಲಿ ಸೀಮೆಸುಣ್ಣ ಎತ್ತಿ ಹೇಳುತ್ತಿದ್ದೆ. ಹುಡುಗರು ಪ್ರತಿ ವರ್ಷ ಅದೇ ಜಾಗದಲ್ಲಿ ಆಕಳಿಸುತ್ತಿದ್ದರು.

ಅಕ್ಕನಿಗೆ ಈ ಕಾನೂನುಗಳ ಗೊಡವೆ ಇರಲಿಲ್ಲ. ಮದುವೆಯಾದ ಸ್ವಲ್ಪ ಕಾಲಕ್ಕೇ ಗಂಡನನ್ನು ಕಳೆದುಕೊಂಡು ತವರಿನ ಮಗ್ಗಕ್ಕೆ ಮರಳಿದವಳು ಮತ್ತೆ ಅದರಿಂದ ಎದ್ದಿರಲಿಲ್ಲ. ನಡುಮನೆಯಲ್ಲಿ ಮಗ್ಗಕ್ಕೆಂದು ತೋಡಿದ ಗುಣಿಯೊಳಗೆ ಕಾಲು ಇಳಿಬಿಟ್ಟು ಕೂತರೆ ಮಧ್ಯಾಹ್ನದ ಊಟದವರೆಗೆ ಲಾಳಿಯ ಸದ್ದೇ ಅವಳ ಸದ್ದು. ಅವಳ ಬಲಗಡೆ ಯಾವಾಗಲೂ ಒಂದು ಬಟ್ಟಲು ನೀರು. ಹೊಕ್ಕಿನ ರೇಷ್ಮೆ ಒದ್ದೆಯಿದ್ದರೆ ನೇಯ್ಗೆ ಬಿಗಿಯಾಗಿ ಕೂರುತ್ತದೆ ಅಂತ ನೂಲು ಸುತ್ತಿದ ಕಂಡಿಕೆಗಳನ್ನು ಅದರಲ್ಲಿ ನೆನೆಹಾಕುತ್ತಿದ್ದಳು. ಹೀಗಾಗಿ ಅವಳ ಬಲಗೈ ಬೆರಳ ತುದಿ ಸದಾ ಸುಕ್ಕು ಸುಕ್ಕು. ನನಗೆ ಜ್ವರ ಬಂದಾಗ ಹಣೆ ಮುಟ್ಟಿ ನೋಡುತ್ತಿದ್ದದ್ದು ಅದೇ ತಣ್ಣನೆಯ ಬೆರಳು.

ಬಾಯಾರಿದವರು ಯಾರೇ ನಮ್ಮ ಬಾಗಿಲಿಗೆ ಬಂದರೂ ಅಕ್ಕ ಮಗ್ಗ ನಿಲ್ಲಿಸಿ ಎದ್ದು ಹೋಗಿ ನೀರು ಕೊಡುತ್ತಿದ್ದಳು. ನೇಯುವಾಗ ನಡುವೆ ಏಳುವುದೆಂದರೆ ಸಣ್ಣ ಕೆಲಸವಲ್ಲ, ಗುಣಿಯಿಂದ ಕಾಲೆತ್ತಬೇಕು. ಅವ್ವ ಬೈಯುತ್ತಿದ್ದಳು. ನೀರು ಕೇಳಿದವರಿಗೆ ತಡ ಮಾಡಬಾರದೆನ್ನುವುದು ಅಕ್ಕನ ವಾದ. ನಮ್ಮ ಕಡೆ ಎಲ್ಲರ ವಾದವೂ ಅದೇ. ಊಟ ಇಲ್ಲವೆಂದರೂ ನಡೆಯುತ್ತದೆ, ನೀರು ಇಲ್ಲವೆಂದು ಯಾರ ಬಾಯಲ್ಲೂ ಬರಬಾರದು.

ಇಂಥ ಅಕ್ಕನ ಮೂತ್ರಪಿಂಡಗಳು ಕೈಕೊಟ್ಟವು. ಬಿಪಿ ಎಂದಿನಿಂದ ಇತ್ತೋ ಯಾರಿಗೂ ಗೊತ್ತಿಲ್ಲ, ನೋಡಿಸಿಕೊಂಡಿದ್ದರೆ ತಾನೆ. ಪಾದ ಊದಿತು, ಹೆಬ್ಬೆರಳಿನಿಂದ ಒತ್ತಿದರೆ ಗುಳಿ ಬಿದ್ದು ಹಾಗೇ ಉಳಿಯುತ್ತಿತ್ತು. ಚಳ್ಳಕೆರೆಗೆ ಕರೆತಂದು ತೋರಿಸಿದಾಗ ಡಯಾಲಿಸಿಸ್ ಅಂದರು, ವಾರಕ್ಕೆ ಎರಡು ಸಲ, ಇರುವವರೆಗೂ. ಅಕ್ಕ ತನ್ನ ಸೀರೆಗಳ ಜೊತೆ ಕಂಡಿಕೆ ನೆನೆಹಾಕುವ ಆ ಬಟ್ಟಲನ್ನೂ ಗಂಟು ಕಟ್ಟಿಕೊಂಡು ನಮ್ಮ ಮನೆಗೆ ಬಂದಳು. ಅವ್ವ ಆಗಲೇ ತೀರಿಕೊಂಡಿದ್ದಳು, ಮೊಳಕಾಲ್ಮೂರಿನ ಮನೆಗೆ ಬೀಗ ಬಿತ್ತು. ಕಾಲು ಜಾರೀತೆಂದು ಮಗ್ಗದ ಗುಣಿಯ ಮೇಲೆ ಹಲಗೆ ಮುಚ್ಚಿ ಬಂದೆವು.

"ನೀರು ಅಳತೆ ಮೇಲೆ ಕೊಡಿ. ಒಳಗೆ ಹೋದದ್ದು ಹೊರಗೆ ಬರೋ ದಾರಿ ಇಲ್ಲ. ಹೆಚ್ಚಾದ್ರೆ ಶ್ವಾಸಕೋಶಕ್ಕೆ ತುಂಬ್ಕೊಳುತ್ತೆ" ಎಂದು ಡಾಕ್ಟರು ಒಂದು ಸಣ್ಣ ಬಾಟಲಿ ತೋರಿಸಿದರು. ಇಡೀ ದಿನಕ್ಕೆ ಅಷ್ಟೇ. ಚಳ್ಳಕೆರೆಯ ಬೇಸಿಗೆಯಲ್ಲಿ ಆರೋಗ್ಯವಂತರು ಅಷ್ಟನ್ನು ನಿಂತಲ್ಲೇ ಒಂದು ಉಸಿರಿಗೆ ಕುಡಿಯುತ್ತಾರೆ. ಲೋಟದಲ್ಲಿ ಕೊಟ್ಟರೆ ಎರಡು ಗುಟುಕಿಗೆ ಮುಗಿದುಹೋಗುವ ನೀರನ್ನು ದಿನವಿಡೀ ಹಂಚುವುದು ಹೇಗೆ? ಗಿರಿಜ ದೇವರ ಗೂಡಿನಿಂದ ಒಳಲೆ ತಂದಳು. ಅವ್ವ ನನ್ನ ಕೈಕಾಲು ಹಿಡಿಸಿ ಕುಡಿಸಿ, ಆಮೇಲೆ ನಮಗೇ ಕೊಟ್ಟಿದ್ದ ಅದೇ ಒಳಲೆ. ಈಗ ಅದನ್ನು ಹಿಡಿದವನು ನಾನು, ಬಾಯಿ ತೆರೆದು ಕಾದವಳು ಅಕ್ಕ. ಕುಡಿಯದ ಕೂಸಿಗೆಂದು ಮಾಡಿದ ಪಾತ್ರೆ ಕುಡಿಯಬೇಕೆನ್ನುವವಳಿಗೆ ಕಡಿವಾಣವಾಯಿತು.

ನಾನು ಅಳತೆಯ ಮನುಷ್ಯ. ಪ್ರಯೋಗಾಲಯದ ಜಾಡಿಯಲ್ಲಿ ಒಳಲೆ ಎಷ್ಟು ಹಿಡಿಯುತ್ತದೆಂದು ನೋಡಿ, ದಿನಕ್ಕೆ ಎಷ್ಟು ಒಳಲೆಯೆಂದು ಲೆಕ್ಕ ಹಾಕಿ ಒಂದು ಹನಿ ಆಚೀಚೆಯಾಗದಂತೆ ಕೊಟ್ಟೆ. ನಮ್ಮೂರ ಹತ್ತಿರದ ಕುದಾಪುರದ ಹುಲ್ಲುಗಾವಲಿನಲ್ಲಿ ಸಂಶೋಧನಾ ಕೇಂದ್ರಗಳ ಬೇಲಿಯೊಳಗೆ ದೊಡ್ಡ ದೊಡ್ಡ ವಿಜ್ಞಾನಿಗಳು ಏನೇನು ಅಳೆಯುತ್ತಾರೋ, ನಾನಂತೂ ನಮ್ಮ ಮನೆಯಲ್ಲಿ ಅವರಿಗಿಂತ ಗಂಭೀರವಾಗಿದ್ದೆ. ಆದರೂ ಪ್ರತಿ ಸಲ ಆಸ್ಪತ್ರೆಯ ತೂಕದ ಯಂತ್ರದ ಮೇಲೆ ಅಕ್ಕನನ್ನು ನಿಲ್ಲಿಸಿದರೆ ತೂಕ ಮಿತಿ ಮೀರಿರುತ್ತಿತ್ತು. ಹೆಚ್ಚಿದ ತೂಕವೆಲ್ಲ ನೀರೇ ಅನ್ನುತ್ತಿದ್ದರು ಡಾಕ್ಟರು. ನಾನು ಗಿರಿಜಳನ್ನು ಅನುಮಾನಿಸಿದೆ. ಗಿರಿಜ ಕೆಲಸದವಳನ್ನು ಅನುಮಾನಿಸಿದಳು. ಕೆಲಸದವಳು ದೇವರಾಣೆ ಹಾಕಿದಳು.

ಆ ದಿನಗಳಲ್ಲೇ ತರಗತಿಯಲ್ಲಿ ನನ್ನ ಪ್ರಿಯ ಪಾಠ ಬಂತು. "ಹರಿಯೋ ವಸ್ತುಗಳಿಗೆ ಉದಾಹರಣೆ ಕೊಡ್ರಪ್ಪ" ಅಂದೆ. ನೀರು ಸಾರ್, ಹಾಲು ಸಾರ್, ಶೇಂಗಾ ಎಣ್ಣೆ ಸಾರ್ ಎಂದು ಎಲ್ಲ ಕಡೆಯಿಂದ ಕೂಗಿದರು. ಮಜ್ಜಿಗೆ ಸಾರ್ ಎಂದಿತು ಒಂದು ದನಿ. ಹಿಂದಿನಿಂದ ಯಾರೋ ಗಂಜಿ, ತಿಳಿಸಾರು ಎಂದೂ ಸೇರಿಸಿದರು, ತರಗತಿಯೆಲ್ಲ ನಕ್ಕಿತು. ನಾನು ಸೀಮೆಸುಣ್ಣ ಹಿಡಿದು ಹಾಗೇ ನಿಂತೆ. ನಮ್ಮ ಮನೆಯಲ್ಲಿ ಅಕ್ಕನಿಗೆ ದಿನಾ ಮಧ್ಯಾಹ್ನ ತಿಳಿಸಾರು ಅನ್ನ, ರಾತ್ರಿ ಮಜ್ಜಿಗೆ ಅನ್ನ, ಬೆಳಿಗ್ಗೆ ಗಂಜಿ. ನೀರು ಹೆಚ್ಚು ಕೊಡಬೇಡಿ ಎಂದಿದ್ದರು, ನಾವು ನೀರು ಹೆಚ್ಚು ಕೊಟ್ಟಿರಲಿಲ್ಲ. ಮಜ್ಜಿಗೆ ಸಾರುಗಳು ನಮ್ಮ ಲೆಕ್ಕದಲ್ಲಿ ಊಟ. ನಮ್ಮ ಸೀಮೆಯಲ್ಲಿ ಯಾರನ್ನು ಬೇಕಾದರೂ ಕೇಳಿ, ಮಜ್ಜಿಗೆಯನ್ನು ನೀರೆಂದು ಯಾರೂ ಎಣಿಸುವುದಿಲ್ಲ.

ಅವತ್ತಿನಿಂದ ತಟ್ಟೆಗೂ ಕಾನೂನು ಬಂತು. ಅನ್ನ ಒಣ ಅನ್ನವಾಯಿತು, ರೊಟ್ಟಿಗೆ ಗಟ್ಟಿ ಪಲ್ಯ. ಅಕ್ಕ ಒಂದು ತುತ್ತು ಬಾಯಿಗಿಟ್ಟು ಬಹಳ ಹೊತ್ತು ಅಗಿದಳು. "ಏನೋ ಇದು, ಕಾಲೇಜಿನಾಗೆ ಪಾಠ ಮಾಡು ಅಂದ್ರೆ ಬಂದು ನನ್ನ ತಟ್ಟೆ ಮ್ಯಾಲೆ ಮಾಡ್ತೀಯಲ್ಲ" ಅಂದಳು. ನಾವು ಮೂವರೂ ನಕ್ಕೆವು. ನಕ್ಕರೆ ಅವಳ ಗಂಟಲು ಒಣಗಿ ಕೆಮ್ಮು ಬರುತ್ತಿತ್ತು, ಆದ್ದರಿಂದ ಆಮೇಲಾಮೇಲೆ ನಗಿಸುವುದನ್ನೂ ಕಡಿಮೆ ಮಾಡಿದೆವು.

ಅವಳ ಎಡತೋಳಿನಲ್ಲಿ ಒಂದು ವಿಚಿತ್ರವಿತ್ತು. ಡಯಾಲಿಸಿಸ್ ಸೂಜಿಗಾಗಿ ಒಂದು ರಕ್ತನಾಳವನ್ನು ಇನ್ನೊಂದಕ್ಕೆ ಸೇರಿಸಿ ಹೊಲಿದಿದ್ದರು. ಅಲ್ಲಿ ಕೈಯಿಟ್ಟರೆ ಗುಂಯ್ ಎಂದು ಸಣ್ಣಗೆ ನಡುಗುವುದು ತಿಳಿಯುತ್ತಿತ್ತು. ರಕ್ತ ನೆಟ್ಟಗೆ ಹರಿಯದೆ ಸುಳಿಗಟ್ಟಿ ನುಗ್ಗುವ ಸದ್ದು ಅದು. ಅದು ಕೇಳುವವರೆಗೆ ಎಲ್ಲ ಸರಿಯಿದೆ, ನಿಂತರೆ ಕೂಡಲೇ ಬನ್ನಿ ಅಂದಿದ್ದರು. ದಿನಾ ಬೆಳಿಗ್ಗೆ ಕಾಲೇಜಿಗೆ ಹೊರಡುವ ಮುಂಚೆ ನಾನು ಆ ತೋಳು ಮುಟ್ಟಿ ನೋಡಬೇಕು. "ಮಗ್ಗ ನಡೀತೈತೇನೋ?" ಎಂದು ಅಕ್ಕ ಕೇಳುತ್ತಿದ್ದಳು. "ನಡೀತೈತೆ" ಅನ್ನುತ್ತಿದ್ದೆ. "ಹಂಗಾರೆ ಹೋಗ್ಬಾ" ಅನ್ನುತ್ತಿದ್ದಳು.

ಬಾಯಾರಿಕೆ ಎಂದರೇನೆಂದು ನನಗೆ ಗೊತ್ತಿದೆಯೆಂದುಕೊಂಡಿದ್ದೆ. ಗೊತ್ತಿರಲಿಲ್ಲ. ಅಕ್ಕನ ಮೈ ತುಂಬ ನೀರು, ಕಾಲಿನಲ್ಲಿ ನೀರು, ಕಣ್ಣಿನ ಕೆಳಗೆ ನೀರು, ಬಾಯೊಂದು ಬಿಟ್ಟು. ತುಟಿ ಸಿಪ್ಪೆ ಏಳುತ್ತಿತ್ತು. ನಾಲಿಗೆ ಅಂಟಿಕೊಂಡು ಮಾತು ಅರ್ಧಕ್ಕೆ ನಿಲ್ಲುತ್ತಿತ್ತು. ಬೀದಿಗೆ ಟ್ಯಾಂಕರ್ ಬಂದು ಹೆಂಗಸರು ಕೊಡ ತುಂಬುವ ಸದ್ದಿಗೆ ಕಿಟಕಿ ಮುಚ್ಚು ಅನ್ನುತ್ತಿದ್ದಳು, ಸೆಕೆಗೆ ತಾಳಲಾರದೆ ತಾನೇ ತೆಗೆಸುತ್ತಿದ್ದಳು. ನಾವು ಗಂಡ ಹೆಂಡತಿ ನೀರು ಕುಡಿಯಬೇಕೆಂದರೆ ಹಿತ್ತಲಿಗೆ ಹೋಗಿ ಕಳ್ಳರ ಹಾಗೆ ಕುಡಿದು ಬಾಯಿ ಒರೆಸಿಕೊಂಡು ಬರುತ್ತಿದ್ದೆವು.

ಹಾಸಿಗೆಯ ಪಕ್ಕ ಅವಳ ಮಗ್ಗದ ಬಟ್ಟಲು ಮಾತ್ರ ನೀರು ತುಂಬಿ ಇರಲೇಬೇಕಿತ್ತು. ಕುಡಿಯಲು ಅಲ್ಲ, ಬೆರಳು ಅದ್ದಲು. ಕಣ್ಣು ಮುಚ್ಚಿ ಬಲಗೈ ಬೆರಳುಗಳನ್ನು ಅದರಲ್ಲಿ ಇಳಿಬಿಟ್ಟು ಮಲಗುತ್ತಿದ್ದಳು. ನಾನು ಸಂಜೆ ಬಂದವನೇ ಮೊದಲು ಬಟ್ಟಲಿನ ಮಟ್ಟ ನೋಡುತ್ತಿದ್ದೆ. ಸೆಕೆಗೆ ಆರಿಹೋದ ನೀರನ್ನೂ ಅವಳೇ ಕುಡಿದಳೇನೋ ಎಂದು ನನ್ನ ಕಣ್ಣು ಅವಳ ತುಟಿಯನ್ನು ಹುಡುಕುತ್ತಿತ್ತು. ಆವಿಯಾಗುವುದನ್ನು ಊರಿಗೆಲ್ಲ ಕಲಿಸಿದ ಮನುಷ್ಯ ನಾನು. ಅಕ್ಕ ಒಂದು ದಿನ ಕಣ್ಣು ತೆರೆಯದೆಯೇ, "ಅದ್ರಾಗೆ ಕುಡ್ಯಂಗಿದ್ರೆ ನಿನ್ನ ಯಾಕೆ ಕೇಳ್ತಿದ್ದೆ ಕಣೋ" ಅಂದಳು. ನಾನು ಬಟ್ಟಲಿಗೆ ಮತ್ತೆ ನೀರು ತುಂಬಿಸಿಟ್ಟೆ.

ಅವ್ವನ ತಂಗಿ, ನಮ್ಮ ಪಿನ್ನಮ್ಮ, ದೇವಸಮುದ್ರದಿಂದ ನೋಡಲು ಬಂದದ್ದು ಎರಡನೆಯ ಬೇಸಿಗೆಯಲ್ಲಿ. ಎಂಬತ್ತರ ಹತ್ತಿರದ ಮುದುಕಿ, ಬಸ್ಸಿನಲ್ಲಿ ಒಬ್ಬಳೇ ಬಂದಿದ್ದಳು. ರೋಗಿಯನ್ನು ನೋಡಲು ಬರಿಗೈಲಿ ಬರಬಾರದಲ್ಲ. ಒದ್ದೆ ಬಟ್ಟೆ ಸುತ್ತಿದ ಸ್ಟೀಲ್ ಕ್ಯಾನಿನಲ್ಲಿ ಮಜ್ಜಿಗೆ ತಂದಿದ್ದಳು, ಜೀರಿಗೆ, ಕೊತ್ತಂಬರಿ ಹಾಕಿದ್ದು. ಮುಚ್ಚಳ ತೆಗೆದಾಗ ಅದರ ವಾಸನೆ ಕೋಣೆಯನ್ನೆಲ್ಲ ತುಂಬಿತು. ಅಕ್ಕ ಎದ್ದು ಕೂತಳು.

"ಬ್ಯಾಡ ಪಿನ್ನಮ್ಮ, ಕೊಡಂಗಿಲ್ಲ" ಅಂದೆ.

"ನೀಳ್ಳೇ ಕದರಾ ವದ್ದನ್ನಾರು" ಅಂದಳು ಪಿನ್ನಮ್ಮ. ನೀರು ತಾನೆ ಬೇಡ ಅಂದಿರೋದು ಅಂತ. "ಅದಕ್ಕೇ ಅಲ್ವೇನೋ ಮಜ್ಜಿಗೆ ತಂದಿರೋದು?"

ಅವಳಿಗೆ ನಾನು ಪಾಠ ಹೇಳಲು ಹೋಗಲಿಲ್ಲ. ಅಕ್ಕನೇ ನಡುವೆ ಬಂದಳು. "ಸಂಜೆ ನೀರು ಬ್ಯಾಡ ನನಗೆ. ಅದರ ಬದ್ಲಿಗೆ ಇದು ಕೊಡು." ಸರಿಯೆಂದು ಒಳಲೆಗೆ ಬಗ್ಗಿಸಿದೆ. ಮೊದಲನೆಯದನ್ನು ಅವಳು ನುಂಗದೆ ಬಾಯಲ್ಲೇ ಇಟ್ಟುಕೊಂಡು ಕೂತಳು. ಸಂಜೆಯ ಪಾಲು ಮುಗಿಯುವವರೆಗೆ ಕೊಟ್ಟೆ. "ಇನ್ನೊಂದೇ ಒಂದು ಕಣೋ" ಎಂದು ತುಟಿ ಮುಂದೆ ಚಾಚಿದಳು, ಕೂಸು ಚಾಚುವ ಹಾಗೆ. ಒಳಲೆಯನ್ನು ಕೆಳಗಿಟ್ಟು, "ಸಾಕು, ಜಾಸ್ತಿ ಆಯ್ತು" ಅಂದೆ. ಅದು ನಾನು ದಿನಾ ಹೇಳುವ ಮಾತು, ಅಷ್ಟು ಹೊತ್ತಿಗೆ ಅದು ನಾಲಿಗೆಗೆ ರೂಢಿಯಾಗಿತ್ತು.

ಪಿನ್ನಮ್ಮ ನನ್ನನ್ನು ನೋಡಿದ ನೋಟ ಈಗಲೂ ಹೋಗಿಲ್ಲ. "ಹಗೆಯಾದೋನು ಬಾಗ್ಲಿಗೆ ಬಂದು ಕೇಳಿದ್ರೂ ಇಲ್ಲ ಅನ್ನಬಾರ್ದು. ನೀನು ನಿನ್ನ ಎತ್ತಿ ಆಡಿಸ್ದೋಳಿಗೆ ಅಂತೀಯಲ್ಲೋ." ಗಿರಿಜ ಲೋಟದಲ್ಲಿ ನೀರು ತಂದು, "ತಗಳ್ರಿ ಪಿನ್ನಮ್ಮ, ಬಿಸಿಲಾಗೆ ಬಂದೀರಿ" ಅಂದಳು. ಪಿನ್ನಮ್ಮ ಲೋಟ ಮುಟ್ಟಲಿಲ್ಲ. "ಆಕೆಗಿಲ್ಲದ್ದು ನನಗೂ ಬ್ಯಾಡಮ್ಮ" ಎಂದು ಖಾಲಿ ಮಾಡದ ಕ್ಯಾನನ್ನೇ ಹೊತ್ತು ಆ ಉರಿಬಿಸಿಲಲ್ಲಿ ಬಸ್‌ಸ್ಟ್ಯಾಂಡಿಗೆ ನಡೆದಳು. ಆಟೋ ತರುತ್ತೇನೆಂದು ಹಿಂದೆ ಓಡಿದೆ, ತಿರುಗಿ ನೋಡಲಿಲ್ಲ.

ನಾನು ಮರಳಿ ಬಂದು ಕೂತಾಗ ಅಕ್ಕ ಬಟ್ಟಲಲ್ಲಿ ಬೆರಳಾಡಿಸುತ್ತಿದ್ದಳು. "ಪಿನ್ನಮ್ಮನ ಮಾತು ಹಚ್ಕೋಬ್ಯಾಡ. ನೀನು ಇಲ್ಲ ಅಂತೀಯ ಅಂತ್ಲೇ ನಾನು ಇನ್ನೂ ಇದೀನಿ. ನನಗೆ ಗೊತ್ತೈತೆ" ಅಂದಳು. "ಆದ್ರೆ ಕೇಳೋದು ಮಾತ್ರ ಬಿಡಲ್ಲ ನೋಡು" ಎಂದೂ ಸೇರಿಸಿದಳು. ಬಿಡಲೂ ಇಲ್ಲ. ಕೇಳುತ್ತಲೇ ಇದ್ದಳು, ನಾನು ಇಲ್ಲವೆನ್ನುತ್ತಲೇ ಇದ್ದೆ, ಹಾಗೆ ಆ ಬೇಸಿಗೆ ಮುಗಿದು ಮುಂದಿನದೂ ಬಂತು.

ಆ ಬೇಸಿಗೆಯ ಒಂದು ಬೆಳಿಗ್ಗೆ ಅವಳ ತೋಳಿಗೆ ಕೈಯಿಟ್ಟೆ. ಸದ್ದಿರಲಿಲ್ಲ. ಸೂಜಿಯ ಜಾಗದಲ್ಲಿ ತೊಂದರೆಯಾಗಿದೆ, ಆಸ್ಪತ್ರೆಗೆ ಒಯ್ಯಬೇಕು ಎಂದು ನಾನು ಕೊಂಚ ಹೊತ್ತು ಆ ನಾಳವನ್ನೇ ಅಲ್ಲಲ್ಲಿ ಒತ್ತಿ ಹುಡುಕುತ್ತ ಕೂತಿದ್ದೆ. ಆಮೇಲೆ ಅವಳ ಮುಖ ನೋಡಿದೆ. ಬೆರಳು ಇನ್ನೂ ಬಟ್ಟಲಲ್ಲೇ ಇತ್ತು.

ಬಂದು ನೋಡಿದ ಡಾಕ್ಟರು, "ಶ್ವಾಸಕೋಶಕ್ಕೇನೂ ನೀರು ತುಂಬಿದ ಹಾಗೆ ಕಾಣೋದಿಲ್ಲ. ಹೃದಯ ದಣಿದಿತ್ತು. ನೀವು ಅಳತೆ ಚೆನ್ನಾಗೇ ಕಾಪಾಡಿದ್ರಿ" ಎಂದು ನನ್ನ ಭುಜ ತಟ್ಟಿದರು. ಅವರು ಒಳ್ಳೆಯ ಮನುಷ್ಯ, ಸಮಾಧಾನಕ್ಕೆಂದೇ ಹೇಳಿದರು. ಅವ್ವನ ಹರಳೆಣ್ಣೆಯೂ ಆ ಮಾತಿನಷ್ಟು ಕಷ್ಟಪಟ್ಟು ನನ್ನ ಗಂಟಲಲ್ಲಿ ಇಳಿದಿರಲಿಲ್ಲ.

ಅಕ್ಕನನ್ನು ಮೊಳಕಾಲ್ಮೂರಿಗೆ ಒಯ್ದೆವು. ಬೀಗ ತೆಗೆದು, ಗುಡಿಸಿ, ನಡುಮನೆಯಲ್ಲಿ ಗುಣಿ ಮುಚ್ಚಿದ ಹಲಗೆಯ ಪಕ್ಕ ಮಲಗಿಸಿದೆವು. ಓಣಿಯ ಮಗ್ಗಗಳೆಲ್ಲ ಅವತ್ತು ನಿಂತಿದ್ದವು. ನೆಂಟರು, ನೆರೆಯವರು ಬಂದರು, ಬಾಯಿಗೆ ನೀರು ಬಿಡುವ ಶಾಸ್ತ್ರ ಶುರುವಾಯಿತು. ಚಮಚ ಎಲ್ಲಿ ಎಂದು ಯಾರೋ ಹುಡುಕಿದರು. ಗಿರಿಜ ಚೀಲದಿಂದ ಒಳಲೆ ತೆಗೆದುಕೊಟ್ಟಳು. ಅದನ್ನು ಯಾಕೆ ತಂದಿದ್ದಳೋ ನಾನು ಕೇಳಿಲ್ಲ, ಬಹುಶಃ ಅಕ್ಕನ ಸಾಮಾನಿನ ಜೊತೆ ತಾನಾಗಿ ಬಂದಿರಬೇಕು.

ಪಿನ್ನಮ್ಮ ತಲೆಯ ಹತ್ತಿರ ತಾಮ್ರದ ಚೊಂಬು ಹಿಡಿದು ಕೂತಿದ್ದಳು. ಒಬ್ಬೊಬ್ಬರೇ ಬಂದು ಕೂತಾಗ ತುಳಸಿ ದಳ ಹಾಕಿದ ನೀರನ್ನು ಒಳಲೆಗೆ ತುಂಬಿ ಕೊಡುತ್ತಿದ್ದಳು, ಅವರು ಅಕ್ಕನ ತುಟಿಗೆ ಬಗ್ಗಿಸುತ್ತಿದ್ದರು. ಮನುಷ್ಯ ತಲೆಕೆಳಗಾಗಿ ನಿಂತರೂ ನೀರು ನುಂಗಬಲ್ಲ ಎಂದು ನಾನು ಹುಡುಗರಿಗೆ ಹೇಳುತ್ತಿದ್ದೆ. ನುಂಗುವುದು ಇಳಿಜಾರಿನ ಕೆಲಸವಲ್ಲ, ಜೀವದ ಕೆಲಸ. ಈಗ ನೀರು ತನ್ನ ಕಾನೂನಿನಂತೆ ಮಾತ್ರ ನಡೆಯಿತು. ತುಂಬಿದ ಬಾಯಿಂದ ಅಂಚಿಗೆ ಬಂದು, ಕೆನ್ನೆಯ ಮೇಲೆ ಇಳಿದು, ಕಿವಿಯ ಹಿಂದೆ ಹೋಗಿ, ಅವಳೇ ನೇಯ್ದ ಸೀರೆಯ ಸೆರಗನ್ನು ನೆನೆಸಿ ಹಲಗೆಯ ಸಂದಿನಿಂದ ಗುಣಿಯೊಳಕ್ಕೆ ತೊಟ್ಟಿಕ್ಕಿತು. ಜನ ಬರುತ್ತಲೇ ಇದ್ದರು. ಅವಳಿಂದ ನೀರು ಕುಡಿದವರೇ ಅವರಲ್ಲಿ ಎಷ್ಟೋ ಮಂದಿ. ಒಳಲೆ ತುಂಬುತ್ತಿತ್ತು, ಬಗ್ಗುತ್ತಿತ್ತು, ತುಂಬುತ್ತಿತ್ತು.

"ಸಾಕು, ಜಾಸ್ತಿ ಆಯ್ತು" ಅಂದೆ.

ಗಟ್ಟಿಯಾಗಿಯೇ ಅಂದುಬಿಟ್ಟಿದ್ದೆ. ಒಳಲೆ ಹಿಡಿದಿದ್ದ ಹೆಂಗಸು ಬೆದರಿ ಕೈ ಹಿಂದಕ್ಕೆ ತೆಗೆದಳು. ಪಿನ್ನಮ್ಮ ತಲೆಯೆತ್ತಿ ನನ್ನನ್ನು ನೋಡಿದಳು. ಆ ದಿನದ ಸಿಟ್ಟು ಅವಳ ಮುಖದಲ್ಲಿರಲಿಲ್ಲ.

"ಇನ್ನು ಅಳತಿ ಇಲ್ಲ ಕಣಪ್ಪಾ" ಎಂದಳು. ಚೊಂಬು ಬಗ್ಗಿಸಿ ಒಳಲೆಯನ್ನು ಅಂಚಿನವರೆಗೆ ತುಂಬಿ ನನ್ನ ಕೈಗಿಟ್ಟಳು.